ಗೆದ್ದವನು ಸೋತ, ಸೋತವನು ಸತ್ತ

ಅಕ್ಕನ ಮಗ ನ್ಯೂಜೆರ್ಸಿಯಲ್ಲಿ ಎಂಟನೇ ಕ್ಲಾಸು. ಅವನ ಚರಿತ್ರೆ ಪುಸ್ತಕದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಎಂಬ ಬ್ರಿಟಿಷ್ ಜನರಲ್ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಶರಣಾಗುತ್ತಾನೆ. ಹುಷಾರಿಲ್ಲ ಅಂತ ಬಿಡಾರದಲ್ಲೇ ಉಳಿದು, ಕತ್ತಿ ಒಪ್ಪಿಸುವ ಕೆಲಸಕ್ಕೆ ಕೈಕೆಳಗಿನ ಒಹಾರಾನನ್ನು ಕಳಿಸುತ್ತಾನೆ. ಮುಂದಿನ ಪುಟದಿಂದ ಆಸಾಮಿ ನಾಪತ್ತೆ. ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಓದಿದ ಪುಸ್ತಕದಲ್ಲಿ ಇದೇ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆ ಮುಂದೆ ಆಕಾಶದಿಂದ ಉದುರಿದವನ ಹಾಗೆ ಬಂದು ನಿಲ್ಲುತ್ತಾನೆ. ಮಾರನೆಯ ವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಟಿಪ್ಪುವಿನ ಇಬ್ಬರು ಮಕ್ಕಳನ್ನೂ ಒತ್ತೆಯಾಗಿ ತೆಗೆದುಕೊಂಡು ಹೋಗುತ್ತಾನೆ. ವಿಡಿಯೋ ಕಾಲ್‌ನಲ್ಲಿ ಇದನ್ನು ಹೇಳಿದಾಗ ಹುಡುಗ ನಂಬಲಿಲ್ಲ. "ಮಾಮ, ಇವ್ನೇನಾ ಅವ್ನು?" ಅಂತ ಮತ್ತೆ ಮತ್ತೆ ಕೇಳಿದ. ಅಲ್ಲಿ ಸೋತವನಿಗೆ ಇಲ್ಲಿ ಬಡ್ತಿ ಹೇಗೆ ಸಿಕ್ಕಿತು ಅನ್ನುವುದು ಅವನ ಪ್ರಶ್ನೆ. ಮಕ್ಕಳಿಗೆ ಅನ್ಯಾಯ ಬೇಗ ಕಾಣುತ್ತದೆ.

ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಒಂದೇ ಜಗಳವನ್ನು ನಾವು ಎರಡು ಪುಸ್ತಕಗಳಲ್ಲಿ ಹರಿದು ಹಂಚಿಕೊಂಡಿದ್ದೇವೆ. ಹದಿನೆಂಟನೇ ಶತಮಾನದ ನಡುವಿನಿಂದ ಬ್ರಿಟನ್ ಮತ್ತು ಫ್ರಾನ್ಸ್ ಭೂಮಿ ಸುತ್ತ ಜಗಳವಾಡಿದವು. ಅದರ ಒಂದು ತುದಿ ಒಹಾಯೊ ನದಿಯ ಕಾಡು, ಇನ್ನೊಂದು ತುದಿ ತಮಿಳು ಸೀಮೆಯ ವಾಂಡಿವಾಷ್, ಪಾಂಡಿಚೇರಿ, ನಮ್ಮ ಮಂಗಳೂರು. ಅಮೆರಿಕದ ಪುಸ್ತಕದಲ್ಲಿ ಅದು ತೆರಿಗೆಯ ಕಥೆಯಾಯಿತು, ನಮ್ಮಲ್ಲಿ ನಾಲ್ಕು ಮೈಸೂರು ಯುದ್ಧಗಳ ಪಟ್ಟಿಯಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ವೈರಿ ಎದುರಿಗಿದ್ದಷ್ಟು ಕಾಲ ಬ್ರಿಟಿಷ್ ಅಮೆರಿಕ ಗಟ್ಟಿಯಾಗಿತ್ತು. ವೈರಿಯನ್ನು ಓಡಿಸಿದ ಮೇಲೆ ಅದು ಹದಿಮೂರು ವರ್ಷ ಮಾತ್ರ ಉಳಿಯಿತು.

ಪಕ್ಕದ ಮನೆಯವನ ಭಯ

1748ರಲ್ಲಿ ಪೆಹ್ರ್ ಕಾಲ್ಮ್ ಅನ್ನುವವನು ಸ್ವೀಡನ್ನಿನಿಂದ ಅಮೆರಿಕಕ್ಕೆ ಬಂದ. ಸಸ್ಯವಿಜ್ಞಾನಿ, ಲಿನೇಯಸ್‌ನ ಶಿಷ್ಯ. ಬಂದದ್ದು ಗಿಡ, ಬೀಜ ಹುಡುಕಲು. ಗಿಡ ಹುಡುಕುವವರಿಗೆ ಊರಿನ ಮಾತು ಕಿವಿಗೆ ಬೀಳುವುದು ಹೆಚ್ಚೇನೋ. ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ವಸಾಹತುಗಾರರೇ ಅವನಿಗೆ, ಇನ್ನು ಮೂವತ್ತು ಐವತ್ತು ವರ್ಷದಲ್ಲಿ ನಾವು ಬೇರೆ ರಾಜ್ಯವಾದೇವು ಅಂದರಂತೆ. ಅದರ ಜೊತೆಗೆ ಕಾಲ್ಮ್ ತನ್ನ ಅಭಿಪ್ರಾಯವನ್ನೂ ಬರೆದಿಟ್ಟ: ಉತ್ತರಕ್ಕೆ ಕೆನಡಾದಲ್ಲಿ ಫ್ರೆಂಚರು ಕೂತಿರುವುದೇ ಈ ಜನರನ್ನು ಇಂಗ್ಲೆಂಡಿಗೆ ಅಂಟಿಸಿದೆ, ಆದ್ದರಿಂದ ಇಂಗ್ಲೆಂಡಿನ ರಾಜನಿಗೆ ಫ್ರೆಂಚರನ್ನು ಓಡಿಸುವ ಆಸೆ ನಿಜವಾಗಿಯೂ ಇದ್ದಿರಲಾರದು. ಯುದ್ಧ ಶುರುವಾಗುವುದಕ್ಕೆ ಆರು ವರ್ಷ ಮೊದಲು ಬರೆದ ಮಾತು ಇದು.

ಯುದ್ಧ ಶುರುವಾದದ್ದು 1754ರ ಮೇ ತಿಂಗಳಲ್ಲಿ. ವರ್ಜೀನಿಯಾದ ಜಮೀನ್ದಾರರಿಗೆ ಒಹಾಯೊ ಕಣಿವೆಯ ಭೂಮಿ ಬೇಕಿತ್ತು, ಫ್ರೆಂಚರು ಅಲ್ಲಿ ಕೋಟೆ ಕಟ್ಟಲು ಹೊರಟಿದ್ದರು. ಇಪ್ಪತ್ತೆರಡು ವರ್ಷದ ಜಾರ್ಜ್ ವಾಷಿಂಗ್ಟನ್ ಒಂದು ಸಣ್ಣ ತುಕಡಿ ಕಟ್ಟಿಕೊಂಡು, ಮೂಲನಿವಾಸಿ ನಾಯಕ ತಾನಾಚರಿಸನ್ನನ ಜೊತೆ ಹೋಗಿ ಕಾಡಿನಲ್ಲಿ ಬಿಡಾರ ಹೂಡಿದ್ದ ಫ್ರೆಂಚರ ಮೇಲೆ ಬಿದ್ದ. ಅವರ ಅಧಿಕಾರಿ ಜುಮೋನ್‌ವಿಲ್ ಸತ್ತ. ಕೆಲವೇ ನಿಮಿಷದ ಕಾದಾಟ ಅದು. ಅದರ ಬೆಂಕಿ ಯುರೋಪ್, ಕೆರಿಬಿಯನ್, ಆಫ್ರಿಕಾದ ಕರಾವಳಿ, ಬಂಗಾಳ, ತಮಿಳು ಸೀಮೆ ಎಲ್ಲ ಕಡೆ ಹರಡಿತು. 1759ರಲ್ಲಿ ಕ್ವಿಬೆಕ್ ಬಿತ್ತು. 1760ರ ಜನವರಿಯಲ್ಲಿ ವಾಂಡಿವಾಷಿನಲ್ಲಿ ಐರ್ ಕೂಟ್ ಫ್ರೆಂಚರನ್ನು ಸೋಲಿಸಿದ, ಮರುವರ್ಷ ಪಾಂಡಿಚೇರಿ ಬಿತ್ತು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಕೆನಡಾವನ್ನು ಬಿಟ್ಟುಕೊಟ್ಟು ಗ್ವಾಡೆಲೂಪ್, ಮಾರ್ಟಿನಿಕ್ ಎಂಬ ಸಕ್ಕರೆ ದ್ವೀಪಗಳನ್ನು ಉಳಿಸಿಕೊಂಡಿತು. ಹಿಮದ ಕಾಡಿಗಿಂತ ಗುಲಾಮರು ಬೆಳೆಯುವ ಕಬ್ಬಿಗೆ ಬೆಲೆ ಹೆಚ್ಚಿತ್ತು.

ಆ ಒಪ್ಪಂದಕ್ಕೆ ಮೊದಲು ಲಂಡನ್ನಿನಲ್ಲಿ ನಡೆದ ವಾದವೇ ನನಗೆ ಇಡೀ ಕಥೆಯ ತಿರುಳು. ಕೆನಡಾ ಇಟ್ಟುಕೊಳ್ಳೋಣವೋ, ಗ್ವಾಡೆಲೂಪ್ ಇಟ್ಟುಕೊಳ್ಳೋಣವೋ ಅಂತ ಕರಪತ್ರಗಳ ಮೇಲೆ ಕರಪತ್ರ ಬಂದವು. ಕೆನಡಾ ಫ್ರೆಂಚರಿಗೇ ಇರಲಿ, ಭಯ ಇಲ್ಲದಿದ್ದರೆ ವಸಾಹತಿನವರು ನಮ್ಮ ಮಾತು ಕೇಳುವುದಿಲ್ಲ ಅಂತ ಒಂದು ಗುಂಪು. ಅದಕ್ಕೆ ಉತ್ತರ ಬರೆದವನು ಬೆಂಜಮಿನ್ ಫ್ರಾಂಕ್ಲಿನ್! ಫ್ರೆಂಚರೂ ಮೂಲನಿವಾಸಿಗಳೂ ಊರು ಸುಡುತ್ತಿದ್ದಾಗಲೇ ಈ ವಸಾಹತುಗಳು ಒಂದಾಗಲಿಲ್ಲ, ಇನ್ನು ತಮ್ಮ ತಾಯ್ನಾಡಿನ ವಿರುದ್ಧ ಒಂದಾಗುತ್ತವೆಯೇ ಅಂತ 1760ರಲ್ಲಿ ಅವನ ವಾದ. ಭಾರಿ ದಬ್ಬಾಳಿಕೆ ನಡೆದರೆ ಮಾತ್ರ ಬೇರೆ ಮಾತು ಅಂತ ಒಂದು ಷರತ್ತನ್ನೂ ಇಟ್ಟ, ಜಾಣ. ಹದಿನಾರು ವರ್ಷದ ನಂತರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅವನೂ ಒಬ್ಬ.

ಹಳ್ಳಿಯಲ್ಲಿ ಜಮೀನಿನ ವ್ಯಾಜ್ಯ ನೋಡಿದವರಿಗೆ ಇದು ಗೊತ್ತಿರುತ್ತದೆ. ಬದುವಿನ ಆಚೆಯವನ ಮೇಲೆ ಕೇಸು ನಡೆಯುವಷ್ಟು ದಿನ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಹೋಗಿಬರುತ್ತಾರೆ. ಕೇಸು ಗೆದ್ದ ವಾರಕ್ಕೆ ವಕೀಲರ ಫೀಸು ಯಾರು ಎಷ್ಟು ಕೊಡಬೇಕು ಅಂತ ಶುರುವಾಗುತ್ತದೆ. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ" ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಗೆದ್ದವನ ಸಾಲ

ಬ್ರಿಟನ್ನಿನ ರಾಷ್ಟ್ರೀಯ ಸಾಲ ಯುದ್ಧಕ್ಕೆ ಮೊದಲು ಸುಮಾರು 7.5 ಕೋಟಿ ಪೌಂಡ್ ಇದ್ದದ್ದು, ಮುಗಿಯುವ ಹೊತ್ತಿಗೆ 13 ಕೋಟಿಯ ಆಸುಪಾಸಿಗೆ ಬಂತು. ವರ್ಷದ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತಿತ್ತು. ಇಂಗ್ಲೆಂಡಿನ ಜನ ಆಗಲೇ ತೆರಿಗೆಯಲ್ಲಿ ಮುಳುಗಿದ್ದರು. 1763ರಲ್ಲಿ ಸೇಬಿನ ಮದ್ಯದ ಮೇಲೆ ತೆರಿಗೆ ಹಾಕಿದಾಗ ಅಲ್ಲೇ ಗಲಾಟೆಯಾಯಿತು. ಹಾಗಾಗಿ ಯುದ್ಧ ಯಾರ ಅಂಗಳ ಉಳಿಸಲು ನಡೆಯಿತೋ ಅವರೂ ಒಂದಿಷ್ಟು ಕೊಡಲಿ ಅಂತ ಲಂಡನ್ನಿನ ಮಂತ್ರಿಗಳಿಗೆ ಅನ್ನಿಸಿದ್ದು ಸಹಜ. ನನಗೆ ಈಗಲೂ ಆ ವಾದ ಅಷ್ಟೊಂದು ಕೆಟ್ಟದ್ದು ಅನ್ನಿಸುವುದಿಲ್ಲ. ಅಕ್ಕನ ಮಗನ ಮುಂದೆ ಹೇಳಿ ಬೈಸಿಕೊಂಡಿದ್ದೇನೆ.

ಎಡವಟ್ಟಾದದ್ದು ಎಲ್ಲಿ ಅಂದರೆ, ಅಂಗಳದವರಿಗೆ ಈಗ ಕಾವಲುಗಾರ ಬೇಕಿರಲಿಲ್ಲ. ಫ್ರೆಂಚರು ಹೋದರಲ್ಲ, ಇನ್ನು ಹತ್ತು ಸಾವಿರ ಸೈನಿಕರು ಯಾಕೆ? ಲಂಡನ್ನಿನ ಉತ್ತರ: ಗಡಿ ಕಾಯಲು. 1763ರ ಅಕ್ಟೋಬರಿನಲ್ಲಿ ರಾಜಾಜ್ಞೆಯೊಂದು ಅಪಲೇಚಿಯನ್ ಬೆಟ್ಟಸಾಲಿನಿಂದ ಆಚೆಗೆ ಯಾರೂ ನೆಲೆಸಬಾರದು ಅಂದಿತು. ಒಹಾಯೊ ಭೂಮಿಗೋಸ್ಕರ ಗುಂಡು ಹಾರಿಸಿದವರಿಗೆ ಭೂಮಿ ಗೆದ್ದಮೇಲೆ ಬೇಲಿ. ಆ ಆಜ್ಞೆ ಮೂಲನಿವಾಸಿಗಳನ್ನು ಸಮಾಧಾನ ಮಾಡುವ ತಾತ್ಕಾಲಿಕ ಉಪಾಯ ಅಷ್ಟೇ ಅಂತ 1767ರಲ್ಲಿ ವಾಷಿಂಗ್ಟನ್ ತನ್ನ ಸರ್ವೇಯರನಿಗೆ ಬರೆದು, ಗುಟ್ಟಾಗಿ ಒಳ್ಳೆಯ ಜಾಗ ನೋಡಿಡು ಅಂದ. ಸ್ವಾತಂತ್ರ್ಯ, ಹಕ್ಕು ಎಂಬ ದೊಡ್ಡ ಮಾತುಗಳ ಕೆಳಗೆ ಈ ಎಕರೆ ಲೆಕ್ಕವೂ ಇತ್ತು. ನಮ್ಮ ಕಡೆ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನದ್ದು ಎಲ್ಲರಿಗೂ ಗೊತ್ತು: 1765ರ ಸ್ಟಾಂಪ್ ಕಾಯಿದೆ, ಪತ್ರಿಕೆಯಿಂದ ಇಸ್ಪೀಟೆಲೆಯವರೆಗೆ ಎಲ್ಲಕ್ಕೂ ಮುದ್ರೆ ಸುಂಕ, ಗಲಭೆ, ಮರುವರ್ಷ ವಾಪಸಾತಿ, 1767ರಲ್ಲಿ ಗಾಜು ಕಾಗದ ಬಣ್ಣ ಸೀಸ ಚಹಾದ ಮೇಲೆ ಹೊಸ ಸುಂಕ, 1770ರಲ್ಲಿ ಬಾಸ್ಟನ್ನಿನ ಬೀದಿಯಲ್ಲಿ ಗೋಲಿಬಾರ್. 1766ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಫ್ರಾಂಕ್ಲಿನ್ನನನ್ನು ಕರೆಸಿ ವಿಚಾರಿಸಿತು. ಅಮೆರಿಕನ್ನರ ಹೆಮ್ಮೆ ಮೊದಲು ಯಾವುದರಲ್ಲಿತ್ತು ಅಂತ ಪ್ರಶ್ನೆ. ಬ್ರಿಟನ್ನಿನ ಬಟ್ಟೆಬರೆ, ಸಾಮಾನು ಕೊಳ್ಳುವುದರಲ್ಲಿ ಅಂದ. ಈಗ? ಹೊಸದನ್ನು ತಾವೇ ನೇಯುವವರೆಗೂ ಹಳೆಯದನ್ನೇ ಮತ್ತೆ ಮತ್ತೆ ಹಾಕಿಕೊಳ್ಳುವುದರಲ್ಲಿ ಅಂದ. ನೂರೈವತ್ತು ವರ್ಷದ ಮೇಲೆ ನಮ್ಮೂರ ಚರಕದವರೂ ಇದನ್ನೇ ಹೇಳಿದರು.

ಬಾಸ್ಟನ್ ಬಂದರಿನಲ್ಲಿ ಅಪ್ಪ

ಅಪ್ಪ ಊರಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ರಿಟೈರ್ ಆದವರು. ಅಕ್ಕನ ಮನೆಗೆ ಅಪ್ಪನನ್ನು ಕರೆದುಕೊಂಡು ಹೋದಾಗ ಒಂದು ವಾರಾಂತ್ಯ ಎಲ್ಲರೂ ಬಾಸ್ಟನ್ನಿಗೆ ಹೋಗಿದ್ದೆವು. ಅಲ್ಲಿ ಹಳೆಯ ಹಡಗುಗಳ ಮಾದರಿ ಕಟ್ಟಿ ನೀರಿನಲ್ಲಿ ನಿಲ್ಲಿಸಿದ್ದಾರೆ. ಟಿಕೆಟ್ ಕೊಂಡವರು ಡೆಕ್ ಮೇಲೆ ನಿಂತು, ಕೂಗು ಹಾಕಿ, ಚಹಾ ಪೆಟ್ಟಿಗೆಯನ್ನು ಸಮುದ್ರಕ್ಕೆ ಎಸೆಯಬಹುದು. ಪೆಟ್ಟಿಗೆಗೆ ಹಗ್ಗ ಕಟ್ಟಿರುತ್ತಾರೆ. ಎಸೆದಾದ ಮೇಲೆ ಎಳೆದುಕೊಂಡು ಮುಂದಿನವರ ಕೈಗೆ. ಅಕ್ಕನ ಮಗ ಬಹಳ ಜೋರಾಗಿ ಎಸೆದ. ಅಪ್ಪ ಎಸೆಯಲಿಲ್ಲ. ಗಾಳಿಗೆ ಮಫ್ಲರ್ ಬಿಗಿದುಕೊಂಡು ನಿಂತು, "ಈ ಟೀ ಎಲ್ಲೀದು ಮಗಾ, ನಮ್ದಾ?" ಅಂದರು. ಚೀನಾದ್ದು ಅಪ್ಪ, ಆಗ ಅಸ್ಸಾಮಿನಲ್ಲಿ ಚಹಾ ತೋಟ ಇರಲಿಲ್ಲ, ಆದರೆ ಮಾಲು ಈಸ್ಟ್ ಇಂಡಿಯಾ ಕಂಪನಿಯದು ಅಂದೆ. "ಕಂಪ್ನಿಗೇನ್ ದರ್ದಿತ್ತು, ಇಷ್ಟು ದೂರ ತಂದು ಅಗ್ಗಕ್ಕೆ ಮಾರಕ್ಕೆ?" ಎಂಬುದು ಅಪ್ಪನ ಎರಡನೇ ಪ್ರಶ್ನೆ. ಸ್ಟಾಕು ಉಳಿದ ಸೊಸೈಟಿ ನಡೆಸಿದವರು ಕೇಳುವ ಪ್ರಶ್ನೆ ಅದು. ಗೈಡ್ ಹೇಳಿದ ಕಥೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಉತ್ತರ ನಮ್ಮ ದಿಕ್ಕಿನಲ್ಲಿದೆ. 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಸಿಕ್ಕಿದಾಗ ಕಂಪನಿಯ ಷೇರುದಾರರು ಚಿನ್ನದ ಗಣಿ ಸಿಕ್ಕಿತು ಅಂದುಕೊಂಡರು, ಡಿವಿಡೆಂಡ್ ಏರಿಸಿದರು. ಸರ್ಕಾರವೂ 1767ರಿಂದ ವರ್ಷಕ್ಕೆ 4 ಲಕ್ಷ ಪೌಂಡ್ ತನಗೆ ಬರಬೇಕೆಂದು ಹಿಡಿಯಿತು. ಯುದ್ಧದ ಸಾಲ ಇತ್ತಲ್ಲ. ಆದರೆ ಅದೇ ವರ್ಷ ಮೈಸೂರಿನೊಂದಿಗೆ ಮೊದಲ ಯುದ್ಧ ಶುರುವಾಯಿತು. ಹೈದರಾಲಿ ಆರ್ಕಾಟಿನ ಸೀಮೆಗೆ ನುಗ್ಗಿದ್ದಾನೆ, ಫ್ರೆಂಚರೂ ಕೈ ಜೋಡಿಸಬಹುದು ಎಂಬ ಸುದ್ದಿ 1769ರ ಮೇನಲ್ಲಿ ಲಂಡನ್ ಮುಟ್ಟಿದ್ದೇ ಕಂಪನಿಯ ಷೇರು ಕುಸಿಯಿತು. ಅಷ್ಟರಲ್ಲಿ ಇಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಬಂದು ನಿಂತು ಕಂಪನಿಯಿಂದ ಒಪ್ಪಂದ ಬರೆಸಿಕೊಂಡಿದ್ದ. ಅದರ ಬೆನ್ನಿಗೇ ಬಂಗಾಳದ ಬರಗಾಲ; ಜನ ಲಕ್ಷಗಟ್ಟಲೆ ಸತ್ತರು, ಕಂದಾಯ ವಸೂಲಿ ನಿಲ್ಲಲಿಲ್ಲ. 1772ರಲ್ಲಿ ಲಂಡನ್ನಿನ ಬ್ಯಾಂಕುಗಳು ಮುಗ್ಗರಿಸಿದಾಗ ಕಂಪನಿಗೆ ಸಾಲ ಹುಟ್ಟಲಿಲ್ಲ. ಗೋದಾಮಿನಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡ್ ತೂಕದ ಚಹಾ ಕೊಳೆಯುತ್ತಿತ್ತು, ಯಾಕೆಂದರೆ ಅಮೆರಿಕದವರು ಡಚ್ಚರ ಕಳ್ಳಮಾಲು ಕುಡಿಯುತ್ತಿದ್ದರು. ಸರ್ಕಾರ 1773ರಲ್ಲಿ ಕಂಪನಿಗೆ 14 ಲಕ್ಷ ಪೌಂಡ್ ಸಾಲ ಕೊಟ್ಟಿತು, ಜೊತೆಗೆ ಚಹಾವನ್ನು ನೇರ ಅಮೆರಿಕಕ್ಕೆ ಸಾಗಿಸಿ ಅಗ್ಗಕ್ಕೆ ಮಾರಲು ಕಾಯಿದೆ ಮಾಡಿಕೊಟ್ಟಿತು. ಪೌಂಡಿಗೆ 3 ಪೆನ್ನಿಯ ಹಳೆಯ ಸುಂಕ ಮಾತ್ರ ಹಾಗೇ ಉಳಿಯಿತು. ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳಿಂದ 342 ಪೆಟ್ಟಿಗೆ ನೀರಿಗೆ ಬಿದ್ದವು.

ಹೈದರಾಲಿಯಿಂದಲೇ ಅಮೆರಿಕದ ಕ್ರಾಂತಿ ಆಯಿತು ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡುವವರು ದಯವಿಟ್ಟು ತಡೆಯಿರಿ. ಕಂಪನಿಯ ಕುತ್ತಿಗೆ ಹಿಡಿದ ಹಲವು ಕೈಗಳಲ್ಲಿ ಅವನದೂ ಒಂದು, ಅಷ್ಟೇ. ಬರಗಾಲ, ದುರಾಸೆ, ಬ್ಯಾಂಕು ಎಲ್ಲ ಇನ್ನೂ ದೊಡ್ಡ ಕಾರಣಗಳು. ಆದರೆ ಅಮೆರಿಕದವರಿಗೆ ನಮ್ಮ ಸುದ್ದಿ ಗೊತ್ತಿತ್ತು ಅನ್ನುವುದು ಮಾತ್ರ ನಿಜ. ಪೆನ್ಸಿಲ್ವೇನಿಯಾದ ವಕೀಲ ಜಾನ್ ಡಿಕಿನ್‌ಸನ್ 1773ರಲ್ಲಿ ಹಂಚಿದ ಕರಪತ್ರದಲ್ಲಿ, ಭೂಮಿ ಬೆಳೆಯದೆ ಅಲ್ಲ, ಈ ಕಂಪನಿ ದವಸ ಕೂಡಿಟ್ಟು ಬೆಲೆ ಏರಿಸಿದ್ದಕ್ಕೆ ಒಂದೇ ವರ್ಷದಲ್ಲಿ ಅಲ್ಲಿ ಹದಿನೈದು ಲಕ್ಷ ಜನ ಸತ್ತರಂತೆ, ಈಗ ಅದರ ಕಣ್ಣು ನಮ್ಮ ಮೇಲೆ ಬಿದ್ದಿದೆ ಅಂತ ಬರೆದ. ಬಂಗಾಳದ ಹೆಣಗಳು ಫಿಲಡೆಲ್ಫಿಯಾದವರಿಗೆ ಎಚ್ಚರಿಕೆಯ ಗಂಟೆಯಾದವು. ಬಂಗಾಳದವರಿಗಾಗಿ ಯಾರೂ ಪೆಟ್ಟಿಗೆ ಎಸೆಯಲಿಲ್ಲ. ಆ ಹಡಗಿನ ಮೇಲೆ ನಿಂತಿದ್ದಾಗ ಇದನ್ನೆಲ್ಲ ಅಪ್ಪನಿಗೆ ಅರ್ಧಂಬರ್ಧ ಹೇಳಿದೆ. "ಲಾಸು ಎಲ್ಲೋ, ವಸೂಲಿ ಎಲ್ಲೋ" ಅಂದು ಅಪ್ಪ ಮೆಟ್ಟಿಲಿಳಿದರು.

ಸೋತವನ ಸೇಡು

1763ರಲ್ಲಿ ಸೋತ ಫ್ರಾನ್ಸ್ ಕಾಯುತ್ತಾ ಕೂತಿತ್ತು. ವಸಾಹತುಗಳು ತಿರುಗಿಬಿದ್ದಾಗ ವಿದೇಶಾಂಗ ಮಂತ್ರಿ ವೆರ್ಜೆನ್‌ಗೆ ಸೇಡಿನ ಬಾಗಿಲು ಕಂಡಿತು. ಹಣಕಾಸು ನೋಡುತ್ತಿದ್ದ ತುರ್ಗೋ ಮಾತ್ರ, ಮೊದಲ ಗುಂಡಿಗೇ ಖಜಾನೆ ದಿವಾಳಿಯಾಗುತ್ತದೆ ಅಂತ 1776ರಲ್ಲೇ ಎಚ್ಚರಿಸಿದ. ಅವನನ್ನು ಮನೆಗೆ ಕಳಿಸಿದರು. 1778ರ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್‌ನ ದಾರಿ ಮುಚ್ಚಿದ್ದು ಫ್ರೆಂಚ್ ನೌಕಾಪಡೆ. ನೆಲದ ಮೇಲೂ ಸಾವಿರಾರು ಫ್ರೆಂಚರಿದ್ದರು. ಯುದ್ಧಕ್ಕೆ ಫ್ರಾನ್ಸ್ ಸುರಿದದ್ದು ತನ್ನ ನಾಣ್ಯದಲ್ಲಿ ನೂರು ಕೋಟಿ ಲಿವ್ರ್‌ಗೂ ಹೆಚ್ಚು, ಬಹುಪಾಲು ಸಾಲದ ಹಣ. 1781ರಲ್ಲಿ, ಆಗ ಹಣಕಾಸು ನೋಡುತ್ತಿದ್ದ ನೆಕ್ಕೆರ್ ದೇಶದ ಅಡಾವೆ ಪತ್ರಿಕೆಯನ್ನು ಅಚ್ಚು ಹಾಕಿಸಿ ಸುಮಾರು ಒಂದು ಕೋಟಿ ಲಿವ್ರ್ ಉಳಿತಾಯ ಇದೆ ಅಂತ ತೋರಿಸಿದ. ಯುದ್ಧದ ಖರ್ಚನ್ನು ಲೆಕ್ಕದಿಂದ ಹೊರಗಿಟ್ಟಿದ್ದ! ಇದನ್ನು ಕೇಳಿ ಅಪ್ಪ ಮನಸಾರೆ ನಕ್ಕರು. ಅಂಥ ಅಡಾವೆ ಪತ್ರಿಕೆಗಳನ್ನು ಅವರು ನೋಡಿದ್ದಾರೆ.

ಇನ್ನು ನಮ್ಮ ಕಡೆ. ಅಟ್ಲಾಂಟಿಕ್ಕಿನಲ್ಲಿ ಯುದ್ಧ ಹತ್ತಿದ ಸುದ್ದಿ ಬಂದ ಕೂಡಲೇ ಬ್ರಿಟಿಷರು ಪಾಂಡಿಚೇರಿ ಹಿಡಿದರು, 1779ರ ಮಾರ್ಚಿನಲ್ಲಿ ಮಾಹೆಯನ್ನೂ ಹಿಡಿದರು. ಮಾಹೆ ಹೈದರನಿಗೆ ಮದ್ದುಗುಂಡು ಇಳಿಯುವ ಬಂದರು. ಅದನ್ನು ಮುಟ್ಟಬೇಡಿ ಅಂತ ಅವನು ಹೇಳಿದ್ದ. 1780ರಲ್ಲಿ ಎರಡನೇ ಮೈಸೂರು ಯುದ್ಧ. ದರಿಯಾ ದೌಲತ್ ಬಾಗಿನ ಪಶ್ಚಿಮದ ಗೋಡೆಯಲ್ಲಿ ಆ ವರ್ಷದ ಪೊಳ್ಳಿಲೂರು ಕಾಳಗದ ಚಿತ್ರ ಇದೆಯಲ್ಲ, ಶಾಲೆಯ ಪ್ರವಾಸದಲ್ಲಿ ಮೇಷ್ಟ್ರು ಕೋಲು ತೋರಿಸಿ ಕುದುರೆ ಎಣಿಸಿರಿ ಅನ್ನುತ್ತಿದ್ದರು. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಕರ್ನಲ್ ಬೇಯ್ಲಿ, ಸಿಡಿದ ಮದ್ದಿನ ಬಂಡಿ, ಸುತ್ತ ಕೆಂಪು ಕೋಟಿನವರ ಚೌಕ. ಎದುರಿಗೆ ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ. ಹುಡುಗರಾದ ನಮಗೆ ಅವನು "ನಮ್ ಕಡೆ ಬಿಳಿಯ". ಅವನು ಅಲ್ಲಿ ಏಕೆ ಇದ್ದಾನೆ ಅಂತ ಯಾರೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಅದೇ ಹೊತ್ತಿಗೆ ಅಮೆರಿಕದಲ್ಲಿ ನಮ್ಮ ಹೆಸರು ಓಡಾಡುತ್ತಿತ್ತು: 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಾಂಕ್' ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ಅಕ್ಕನ ಮಗನಿಗೆ ಈ ಒಂದು ಸಂಗತಿ ಸಾಕಾಯಿತು, ಕ್ಲಾಸಿನಲ್ಲಿ ಹೇಳಿ ಬಂದಿದ್ದಾನೆ.

ನನ್ನನ್ನು ಹೆಚ್ಚು ಕಾಡುವುದು ಇಬ್ಬರ ಜಗಳದ ನಡುವೆ ಬದುವಿನ ಮೇಲೆ ನಿಂತವರು. ಇರೊಕ್ವಾ, ಒಟ್ಟಾವ ಮುಂತಾದ ಮೂಲನಿವಾಸಿ ಜನ ತಲೆಮಾರುಗಳ ಕಾಲ ಫ್ರೆಂಚರನ್ನು ತೋರಿಸಿ ಇಂಗ್ಲಿಷರಿಂದ, ಇಂಗ್ಲಿಷರನ್ನು ತೋರಿಸಿ ಫ್ರೆಂಚರಿಂದ ಬಂದೂಕು, ಮದ್ದು, ಗೌರವ ಪಡೆದಿದ್ದರು. ಒಬ್ಬ ಹೋದ ಕೂಡಲೇ ಬ್ರಿಟಿಷ್ ಜನರಲ್ ಆಮ್‌ಹರ್ಸ್ಟ್ ಉಡುಗೊರೆ ನಿಲ್ಲಿಸಿದ, ಮದ್ದು ಕೊಡುವುದು ನಿಲ್ಲಿಸಿದ. 1763ರಲ್ಲಿ ಒಟ್ಟಾವ ನಾಯಕ ಪಾಂಟಿಯಾಕ್‌ನ ಜನ ಬ್ರಿಟಿಷ್ ಕೋಟೆಗಳ ಮೇಲೆ ಬಿದ್ದದ್ದು ಇದೇ ಸಿಟ್ಟಿಗೆ. ಇಪ್ಪತ್ತು ವರ್ಷದ ನಂತರ ಬ್ರಿಟನ್ ಅಮೆರಿಕಕ್ಕೆ ಸ್ವಾತಂತ್ರ್ಯ ಬರೆದುಕೊಟ್ಟ ಒಪ್ಪಂದದಲ್ಲಿ ಮೂಲನಿವಾಸಿಗಳ ಪ್ರಸ್ತಾಪವೇ ಇಲ್ಲ. ಅವರ ನೆಲ ಮಾತ್ರ ಕೈ ಬದಲಾಯಿತು. ವೈರಿ ಇಲ್ಲವಾದಾಗ ಬಾಸ್ಟನ್ನಿನವರಿಗೆ ಧೈರ್ಯ ಬಂತು, ಡೆಟ್ರಾಯಿಟಿನ ಕಾಡಿನವರಿಗೆ ಆಸರೆ ಹೋಯಿತು. ಕಾರಣ ಒಂದೇ.

ಮೈಸೂರು ಯಾವ ಸಾಲಿಗೆ ಸೇರಿತು ಅನ್ನುವುದು ಮಂಗಳೂರಿನಲ್ಲಿ ಗೊತ್ತಾಯಿತು. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಜೊತೆಯಲ್ಲಿ ಫ್ರೆಂಚ್ ಪಡೆ ಇತ್ತು. ಯುರೋಪಿನಲ್ಲಿ ರಾಜಿಯಾದ ಸುದ್ದಿ ಬಂತು. ತಮ್ಮ ಸೇನಾಪತಿ ಬುಸಿಯ ಆದೇಶದ ಮೇಲೆ ಫ್ರೆಂಚರು ಗಂಟುಮೂಟೆ ಕಟ್ಟಿ ಹೊರಟರು. ಮಳೆಗಾಲದ ಮಂಗಳೂರು, ಅರ್ಧ ಬಿದ್ದ ಗೋಡೆ, ಕೈಕೊಟ್ಟ ಗೆಳೆಯರು. ಟಿಪ್ಪು ಒಬ್ಬನೇ ಮುಂದುವರಿಸಿ 1784ರ ಮಾರ್ಚ್ 11ರಂದು ಕಂಪನಿಯೊಡನೆ ಸರಿಸಮನಾಗಿ ಒಪ್ಪಂದ ಮಾಡಿಕೊಂಡ. ಅದು ಅವನ ದೊಡ್ಡಸ್ತಿಕೆ ನಿಜ. ಆದರೂ ಫ್ರೆಂಚರ ಮೇಲಿನ ಆಸೆ ಬಿಡಲಿಲ್ಲ. ಬಿಡುವುದು ಹೇಗೆ? ಕಂಪನಿಗೆ ಹೆದರಿಕೆ ಹುಟ್ಟಿಸಲು ಇನ್ಯಾರಿದ್ದರು?

1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿದ ಟಿಪ್ಪುವಿನ ಮೂವರು ರಾಯಭಾರಿಗಳು ಮರುವರ್ಷ ಜೂನಿನಲ್ಲಿ ಫ್ರಾನ್ಸಿನ ತೂಲೋನ್ ಬಂದರು ತಲುಪಿದರು. ಇವರ ಪೇಟ, ನಿಲುವಂಗಿ ನೋಡಲು ಪ್ಯಾರಿಸ್ಸಿನ ಜನ ಮುಗಿಬಿದ್ದರು. ಆಗಸ್ಟಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯ ದರ್ಶನ. ಇವರು ಕೇಳಿದ್ದು ಇಂಗ್ಲಿಷರ ವಿರುದ್ಧ ಸೇನೆ, ಮೈತ್ರಿ, ಜೊತೆಗೆ ಕುಶಲಕರ್ಮಿಗಳು, ಬೀಜ, ಗಿಡ. ಕುಶಲಕರ್ಮಿಗಳು ಸಿಕ್ಕರು, ಸೆವ್ರ್‌ನ ಪಿಂಗಾಣಿ ಉಡುಗೊರೆ ಸಿಕ್ಕಿತು. ಸೇನೆ ಸಿಗಲಿಲ್ಲ. ಅದೇ ತಿಂಗಳ 16ರಂದು ಫ್ರೆಂಚ್ ಖಜಾನೆ ಸಾಲ ಕೊಟ್ಟವರಿಗೆ ಪೂರ್ತಿ ನಗದು ಕೊಡಲಾಗದೆ ಕೈ ಎತ್ತಿತ್ತು. ಆದಾಯದ ಅರ್ಧದಷ್ಟು ಬಡ್ಡಿಗೇ ಹೋಗುತ್ತಿತ್ತು, ಹೊಸ ತೆರಿಗೆಗೆ ಒಪ್ಪಿಸಲು 1614ರಿಂದ ಕರೆಯದ ಮಹಾಸಭೆಯನ್ನು ಕರೆಯಬೇಕಾಗಿ ಬಂದಿತ್ತು. ಸಭೆ 1789ರ ಮೇನಲ್ಲಿ ಸೇರಿತು. ಜುಲೈಯಲ್ಲಿ ಬಾಸ್ಟೀಲ್ ಬಿತ್ತು. ಅಮೆರಿಕದ ಸ್ವಾತಂತ್ರ್ಯಕ್ಕೆ ಸುರಿದ ಹಣದ ಹೊರೆಯನ್ನು ಫ್ರಾನ್ಸಿನ ರೈತ ಹೊತ್ತ, ರಾಜ ತಲೆ ಕೊಟ್ಟ, ಟಿಪ್ಪುವಿಗೆ ಬರಬೇಕಾದ ಸೈನ್ಯ ಬರಲಿಲ್ಲ.

1789ರ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದ, ಮೂರನೇ ಯುದ್ಧ ಹೊತ್ತಿಕೊಂಡಿತು. ಈ ಸಲ ನಿಜಾಮನೂ ಮರಾಠರೂ ಕಂಪನಿಯ ಪಕ್ಷ. ಪಾಂಡಿಚೇರಿಯಿಂದ ನೆರವು ಬರಲಿಲ್ಲ. ಪ್ಯಾರಿಸ್ಸಿನಲ್ಲಿ 1790ರ ವಸಂತದಲ್ಲಿ ರಾಷ್ಟ್ರೀಯ ಸಭೆಯವರು ರಾಜನ ಗುಟ್ಟಿನ ಖರ್ಚುಗಳನ್ನು ಬರೆದಿಟ್ಟಿದ್ದ ಕೆಂಪು ಹೊತ್ತಗೆಯನ್ನು ಅಚ್ಚು ಹಾಕಿಸಿದ್ದರು, ಜನ ಅದನ್ನು ಓದುತ್ತಿದ್ದರು.